ಹದಿನೈದು ದಿನದ ಪಾಳಿ

ಲಾರಿಯ ಹಿಂಬಾಗಿಲು ತೆರೆದಾಗ ಮೊದಲು ಇಳಿದದ್ದು ಸೊಟ್ಟಕೋಡಿನ ಮಣಕ. ಬಲಗೋಡು ಕೆಳಕ್ಕೆ ಬಾಗಿ ಕಣ್ಣಿಗೆ ಅಡ್ಡ ಬಂದಿತ್ತು. ನೆರೆದಿದ್ದ ಹೆಂಗಸರು ಅದನ್ನು ನೋಡಿದ್ದೇ ತಡ, "ಇದು ನನಗ ಬ್ಯಾಡವ್ವ" ಎಂದು ಒಬ್ಬರ ಹಿಂದೆ ಒಬ್ಬರು ಹೇಳಿಬಿಟ್ಟರು. ಜಗಳ ಅಲ್ಲಿಂದಲೇ ಶುರುವಾಯಿತು.

ಹೊಸಹಳ್ಳಿಯಿಂದ ಒಳದಾರಿ ಹಿಡಿದರೆ ಸಿಗುವ ಊರು ಅದು. ಎಂಟು ಹೆಂಗಸರ ಒಂದು ಸಂಘಕ್ಕೆ ಯಾವುದೋ ಯೋಜನೆಯಲ್ಲಿ ಎಂಟು ಎಮ್ಮೆ ಮಣಕಗಳು ಬಂದಿದ್ದವು. ಇನ್ನೂ ಕರು ಹಾಕದ, ಎರಡೂವರೆ ವರ್ಷದ ಪ್ರಾಣಿಗಳು. ಹದಿನಾಲ್ಕು ತಿಂಗಳೊಳಗೆ ಗಬ್ಬ ನಿಂತರೆ ಸಾಕಿದವರಿಗೇ ಸ್ವಂತ, ನಿಲ್ಲದಿದ್ದರೆ ಯೋಜನೆಯವರು ವಾಪಸು ಒಯ್ದು ಹರಾಜು ಹಾಕುತ್ತಾರೆ ಎಂಬುದು ಕರಾರು. ಹರಾಜಾದ ಬಂಜೆ ಎಮ್ಮೆ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಪಶುವೈದ್ಯೆಯಾಗಿ ಅವನ್ನು ಗಬ್ಬ ನಿಲ್ಲಿಸುವ ಹೊಣೆ ನನ್ನದಾಗಿತ್ತು.

ದಸರಾ ಮುಗಿದು ವಾರವಾಗಿತ್ತು. ಎಮ್ಮೆಗಳಿಗೆ ಅದು ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬೆದೆಗೆ ಬರಲು ಸತಾಯಿಸುವ ಎಮ್ಮೆ ಚಳಿಗಾಲದಲ್ಲಿ ತಾನಾಗಿ ಬರುತ್ತದೆ. ಎರಡು ದಿನ ಬಿಟ್ಟು ಹೋಗಿ ಒಂದೊಂದನ್ನೂ ಕೈ ಹಾಕಿ ಪರೀಕ್ಷಿಸಿದೆ. ಐದರ ಅಂಡಾಶಯದ ಮೇಲೆ ಅಂಡ ಬಿಡುಗಡೆಯಾದ ಗುರುತಿನ ಗಂಟು ಬೆರಳಿಗೆ ಸಿಕ್ಕಿತು. ಉಳಿದ ಮೂರರಲ್ಲಿ ಅಂಡವಿರುವ ಕೋಶಗಳು ಬೆಳೆಯುತ್ತಿದ್ದವು. ಅಂದರೆ ಎಂಟೂ ಸರಿಯಾಗಿದ್ದವು. ಇದನ್ನು ನಾನೇ ನನ್ನ ಕೈಬರಹದಲ್ಲಿ ದಾಖಲಿಸಿದ್ದೇನೆ. ಮುಂದೆ ಆದದ್ದಕ್ಕೆಲ್ಲ ನನ್ನ ವಿರುದ್ಧದ ಸಾಕ್ಷಿ ಆ ಹಾಳೆಯೇ.

ಹಂಚಿಕೆಯ ಜಗಳ ಆ ದಿನವೂ ಮುಗಿದಿರಲಿಲ್ಲ. ಎರಡು ಮಣಕಗಳು ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿದ್ದವು. ಅವು ಎಲ್ಲರಿಗೂ ಬೇಕು. ಸೊಟ್ಟಕೋಡಿನದು ಯಾರಿಗೂ ಬೇಡ. ಚೀಟಿ ಎತ್ತಿ ಅಂದರೆ, ಕೆಟ್ಟದ್ದು ಬಂದವಳು ವರ್ಷವಿಡೀ ಅಳಬೇಕಾಗುತ್ತದೆ ಎಂದು ತಕರಾರು. ನನಗೋ ಮೊದಲೇ ತಾಳ್ಮೆ ಕಡಿಮೆ. ಕೊಟ್ಟೂರಿನಲ್ಲಿದ್ದ ನನ್ನ ಅಬ್ಬಾನ ಗ್ಯಾರೇಜಿನಲ್ಲಿ ಬೆಳೆದವಳು ನಾನು. ಗದ್ದಲ ನಿಲ್ಲಬೇಕು, ಗಾಡಿ ಹೊರಡಬೇಕು, ಅಷ್ಟೇ ಗೊತ್ತು. ಎದ್ದು ನಿಂತು ಹೇಳಿದೆ:

"ಗಬ್ಬ ನಿಲ್ಲೋ ತನಕ ಯಾವ್ದೂ ಯಾರ್ದೂ ಅಲ್ಲ. ಪಾಳಿ ಮ್ಯಾಗ ಸಾಕ್ರಿ. ಅಮಾಸಿಗೊಮ್ಮಿ, ಹುಣ್ಣಿಮಿಗೊಮ್ಮಿ ಪಕ್ಕದ ಮನಿಗೆ ದಾಟಿಸ್ರಿ. ಯಾವ್ದರ ಗಬ್ಬ ನಿಂತ್ರ ಅದಕ್ಕ ಅವತ್ತಾ ಚೀಟಿ ಎತ್ರಿ. ಯಾರ ಹೆಸರಿಗೆ ಬರತೈತೋ ಆಕಿ ಅದನ್ನ ಹೊಡ್ಕೊಂಡು ಹೋಗಿ, ತನ್ನ ಮನ್ಯಾಗ ಇರೋದನ್ನ ಅದು ಇದ್ದ ಮನಿಗೆ ಕಟ್ಲಿ."

ಬಾವಿಯ ನೀರಿಗೆ ಪಾಳಿ, ಗುಡಿಯ ದೀಪಕ್ಕೆ ಪಾಳಿ, ಹಿಟ್ಟಿನ ಗಿರಣಿಯ ಮುಂದೂ ಪಾಳಿ ನೋಡಿಕೊಂಡು ಬಂದ ಊರು. ಎಲ್ಲರ ಮುಖವೂ ಅರಳಿತು. ಸಂಘದ ಅಧ್ಯಕ್ಷೆ, ಎಲೆಅಡಿಕೆ ಕೆನ್ನೆಗಿಟ್ಟುಕೊಂಡೇ ಮಾತಾಡುವ ಗಟ್ಟಿ ಹೆಂಗಸು, "ನೋಡ್ರಿ, ಓದಿದವ್ರು ಅಂದ್ರ ಹಿಂಗಿರಬೇಕು" ಎಂದರು. ನಾನು ಉಬ್ಬಿಹೋದೆ. ಆ ಮಾತು ಕೇಳಿ ಬಂದ ಖುಷಿ ನೆನೆದರೆ ಇವತ್ತಿಗೂ ಮೈ ಬೆವರುತ್ತದೆ.

ಪಾಳಿ ತಪ್ಪದೆ ನಡೆಯಿತು. ಅಮಾವಾಸ್ಯೆಯ ಬೆಳಿಗ್ಗೆ ಎಂಟು ಹೆಂಗಸರು ಎಂಟು ಹಗ್ಗ ಹಿಡಿದು ಬೀದಿಗೆ ಬರುವರು, ಒಂದು ಮನೆ ದಾಟಿಸಿ ಕಟ್ಟುವರು. ಕಾರ್ತಿಕ ಕಳೆಯಿತು. ಬೆದೆಯ ಫೋನು ಒಂದೂ ಬರಲಿಲ್ಲ. ಜಂತಿನ ಔಷಧಿ ಕುಡಿಸಿದೆ, ಖನಿಜದ ಪುಡಿ ಕೊಟ್ಟೆ, ಹಸಿ ಮೇವು ಹೆಚ್ಚಿಸಲು ಹೇಳಿದೆ. ಮಾರ್ಗಶಿರದಲ್ಲಿ ಮತ್ತೆ ಕೈ ಹಾಕಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಎಂಟರ ಅಂಡಾಶಯಗಳೂ ಅವರೆಕಾಳಿನಂತೆ ಸಣ್ಣಗೆ, ನುಣ್ಣಗೆ. ಗಂಟಿಲ್ಲ, ಬೆಳೆಯುತ್ತಿರುವ ಕೋಶವಿಲ್ಲ. ಎರಡು ತಿಂಗಳ ಹಿಂದೆ ಕೆಲಸ ಮಾಡುತ್ತಿದ್ದ ಅಂಗ ಕೆಲಸ ನಿಲ್ಲಿಸಿ ಮಲಗಿತ್ತು.

ಬೆದೆಗೆ ತಾನಾಗಿ ಬರದಿದ್ದರೆ ತರಿಸುವ ದಾರಿ ಉಂಟು. ಮೊದಲ ದಿನ ಒಂದು ಹಾರ್ಮೋನು, ಏಳನೆಯ ದಿನ ಇನ್ನೊಂದು, ಒಂಬತ್ತನೆಯ ದಿನ ಮತ್ತೆ ಮೊದಲಿನದು, ಅದಾಗಿ ಹದಿನಾರು ಗಂಟೆಗೆ ವೀರ್ಯದ ಕಡ್ಡಿ. ಹಗರಿಬೊಮ್ಮನಹಳ್ಳಿಯಿಂದ, ಕಡ್ಡಿಗಳನ್ನು ಕೆಡದಂತಿಡುವ ದ್ರವ ಸಾರಜನಕದ ಪಾತ್ರೆ ತುಂಬಿಸಿ ತಂದು, ನಾನೂ ನನ್ನ ಕಾಂಪೌಂಡರೂ ಎಂಟಕ್ಕೂ ಇಂಜೆಕ್ಷನ್ ಮಾಡಿದೆವು. ನಾನು ಒಂದೇ ಒಂದು ದಿನ ತಡ ಮಾಡಲಿಲ್ಲ. ಎಂಟನ್ನೂ ಸಮುದಾಯ ಭವನದ ಮುಂದಿನ ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ತಂದು ಬಿಗಿದು, ಮೂಗು ಹಿಡಿಸಿ, ಚುಚ್ಚಿ ಕಳಿಸಿದೆ. ಚೌಕಟ್ಟು ಕಂಡರೆ ಸಾಕು, ಅವು ನೆಲಕ್ಕೆ ಕಾಲು ಊರಿ ನಿಂತುಬಿಡುತ್ತಿದ್ದವು. ಬಾಲ ತಿರುಚಿ ಒಳಗೆ ನೂಕಿಸಿದೆ.

ಹತ್ತು ದಿನ ಬಿಟ್ಟು ನೋಡಿದಾಗ ಒಂದರಲ್ಲೂ ಅಂಡ ಬಿಡುಗಡೆಯಾದ ಗುರುತಿಲ್ಲ. ಹಾರ್ಮೋನನ್ನು ಹೊರಗಿನಿಂದ ಕೊಟ್ಟರೂ ದೇಹ ಅದನ್ನು ಕೇಳಿಸಿಕೊಂಡಿರಲಿಲ್ಲ. ಔಷಧಿಯ ಬಾಟಲಿ ಬಿಸಿಲಿಗೆ ಕೆಟ್ಟಿರಬೇಕೆಂದು ಕಾಂಪೌಂಡರ್ ಮೇಲೆ ರೇಗಿದೆ. ಮೂವತ್ತು ವರ್ಷ ದನಗಳ ನಡುವೆ ಕಳೆದ ಮನುಷ್ಯ, ಪಾಪ, ಐಸ್ ಡಬ್ಬಿ ತೆರೆದು ತೋರಿಸಿದರು.

ಕಾರಣ ಹುಡುಕಲೇಬೇಕೆಂದು ಎಂಟರ ಸಗಣಿಯನ್ನೂ ಪೊಟ್ಟಣ ಕಟ್ಟಿ, ಐಸಿನಲ್ಲಿಟ್ಟು, ದೂರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಗೆಳತಿಗೆ ಬಸ್ಸಿನಲ್ಲಿ ಕಳಿಸಿದೆ. ರಕ್ತ ಬೇಡ, ಸೂಜಿ ಹಿಡಿದ ಗಾಬರಿಗೇ ಲೆಕ್ಕ ಏರಿಬಿಡುತ್ತದೆ ಎಂದು ಅವಳೇ ಹೇಳಿದ್ದಳು. ಗಾಬರಿಯಾದ ಪ್ರಾಣಿಯ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದರ ಅಂಶ ಸಗಣಿಯಲ್ಲಿ ಸಿಗುತ್ತದೆ. ಮೂರು ವಾರಕ್ಕೆ ಫೋನು ಬಂತು.

"ಎಂಟರದ್ದೂ ಜಾಸ್ತಿ ಐತೆ ಕಣೆ. ಎಮ್ಮೆಗಳ್ನ ಎಲ್ಲಿಗಾದ್ರೂ ಸಾಗಿಸ್ತಾ ಇದೀರೇನು?"

"ಇಲ್ಲ, ಊರು ಬಿಟ್ಟು ಎಲ್ಲೂ ಹೋಗಿಲ್ಲ" ಎಂದೆ. ಸುಳ್ಳು ಹೇಳುತ್ತಿದ್ದೇನೆಂಬ ಅರಿವು ಎಳ್ಳಷ್ಟೂ ಇರಲಿಲ್ಲ. ಸಾಗಾಟ ಎಂದರೆ ನನ್ನ ತಲೆಯಲ್ಲಿ ಲಾರಿ. ಪಕ್ಕದ ಮನೆಗೆ ನಡೆಸಿಕೊಂಡು ಹೋಗುವುದು ಯಾವ ಲೆಕ್ಕ? ಲಾರಿಯಲ್ಲಿ ಬಂದ ಆಯಾಸ ಇನ್ನೂ ಇಳಿದಿಲ್ಲ ಎಂದು ನಾನೇ ಒಂದು ಉತ್ತರ ಕಟ್ಟಿಕೊಂಡು ಫೋನು ಇಟ್ಟೆ.

ಇಷ್ಟರಲ್ಲಿ ಊರು ತನ್ನದೇ ಕಾರಣ ಹುಡುಕಿಕೊಂಡಿತ್ತು. ಹೇಳಿದವರು ಕಾಂಪೌಂಡರ್.

"ಮೇಡಂ, ಆ ಕಡೀ ಮನಿಯಾಕಿ ಅದಾಳಲ್ಲ, ಆಕಿ ಮ್ಯಾಲೆ ಮಾತು ಬಂದೈತಿ. ಆಕಿಗೆ ಮಕ್ಕಳಿಲ್ಲ. ಪಾಳಿಯೊಳಗ ಆಕಿ ಕೈ ಎಲ್ಲಾ ಮಣಕಕ್ಕೂ ತಾಗೈತಿ, ಅದಕ್ಕಾ ಒಂದೂ ನಿಲ್ಲವಲ್ಲವು ಅಂತಾರ."

ಕಡೀ ಮನೆಯಾಕೆ ಎಂದರೆ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು. ನಲವತ್ತರ ಆಚೆಈಚೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಯಾಗಿ ಹರಪನಹಳ್ಳಿಯಲ್ಲಿ ಸಂಸಾರ ಮಾಡಿಕೊಂಡಿದ್ದ. ಸಂಘದಲ್ಲಿ ಬಾಯಿ ತೆರೆಯುತ್ತಿದ್ದುದೇ ಕಡಿಮೆ. ಮಣಕಗಳು ಬಂದ ದಿನ ನನ್ನ ಹತ್ತಿರ ಬಂದು, "ಇದು ಗಬ್ಬ ನಿಂತ ಮ್ಯಾಲೆ ಖರೇನೂ ನನ್ನ ಹೆಸರಿಗಾ ಆಗ್ತೈತೇನ್ರಿ?" ಎಂದು ಎರಡು ಸಲ ಕೇಳಿದವಳು ಅವಳೇ. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಬೇರೆ ಏನೂ ಇರಲಿಲ್ಲ. ಆ ಮನೆಯೂ ಗಂಡನ ಹೆಸರಿನಲ್ಲಿತ್ತು.

ಪುಷ್ಯದ ಹುಣ್ಣಿಮೆಗೆ ಸೊಟ್ಟಕೋಡು ಪಾಳಿಯ ಮೇಲೆ ಅವಳ ಮನೆಗೆ ಬಂದಿತ್ತು. ಮುಂದಿನ ಅಮಾವಾಸ್ಯೆಗೆ ಅವಳು ಹಗ್ಗ ಹಿಡಿದು ಪಾಳಿಯಲ್ಲಿ ಮುಂದಿನ ಮನೆಗೆ ಹೋದರೆ, ಒಳಗಿಂದ ಅಗುಳಿ ಹಾಕಿದ ಸದ್ದಾಯಿತಂತೆ. ಅವಳ ಮನೆಯಿಂದ ಬಂದದ್ದನ್ನು ಯಾರೂ ಕಟ್ಟಿಕೊಳ್ಳಲಿಲ್ಲ, ತಮ್ಮದನ್ನು ಅಲ್ಲಿಗೆ ಕಳಿಸಲೂ ಇಲ್ಲ. ಏಳು ಮನೆಗಳ ನಡುವೆ ಏಳು ಮಣಕಗಳ ಪಾಳಿ ಮುಂದುವರಿಯಿತು. ಸೊಟ್ಟಕೋಡು ಅಲ್ಲೇ ಉಳಿಯಿತು.

ನಾನು ಸಿಟ್ಟಿನಿಂದ ಹೋಗಿ ಸಭೆ ಕರೆದೆ. "ಮಕ್ಕಳಾಗದಿರೋದು ತುರಿಕಜ್ಜಿ ಅಲ್ಲ, ಮುಟ್ಟಿದ್ರ ಹಬ್ಬಾಕ" ಎಂದು ಕೂಗಾಡಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಬಗ್ಗೆ ನನಗೆ ಕೊಂಚ ಗೌರವ ಉಳಿಯುತ್ತಿತ್ತು. ಆದರೆ ನಾನು ಮುಂದುವರಿದು, "ಪಾಳಿ ಮುರದವ್ರು ಯಾರು? ಸೊಟ್ಟಕೋಡನ್ನ ಇವತ್ತಾ ದಾಟಸ್ರಿ" ಎಂದು ಅಪ್ಪಣೆ ಕೊಟ್ಟೆ. ನನ್ನ ಸಿಟ್ಟಿನಲ್ಲಿ ಅರ್ಧ ಅವಳಿಗಾಗಿ, ಇನ್ನರ್ಧ ನನ್ನ ನಿಯಮಕ್ಕಾಗಿ ಇತ್ತು. ಅಧ್ಯಕ್ಷೆ "ನೋಡ್ತೀವ್ರಿ" ಎಂದರು. ಯಾರೂ ದಾಟಿಸಲಿಲ್ಲ. ಆ ಒಂದು ಅವಿಧೇಯತೆಯಿಂದಲೇ ಮುಂದೆ ಸತ್ಯ ಗೊತ್ತಾದದ್ದು.

ಶಿವರಾತ್ರಿ ಕಳೆದ ವಾರ ಬೆಳಿಗ್ಗೆ ಏಳಕ್ಕೆ ಫೋನು. "ಡಾಕ್ಟರಮ್ಮ, ನಾನ್ರಿ, ಕಡೀ ಮನಿಯಾಕಿ. ಇದು ನಿನ್ನಿಯಿಂದ ಮೇವು ಸರಿಯಾಗಿ ತಿನವಲ್ದು. ಸಣ್ಣಗ ಒಂದ್ ಥರ ದನಿ ತಗೀತೈತಿ. ಬಾಲ ಎತ್ತಿ ಎತ್ತಿ ಇಡ್ತೈತಿ. ಬೆದಿ ಇರಬೌದೇನ್ರಿ?"

ಎಮ್ಮೆಯ ಬೆದೆ ಹಸುವಿನದ್ದರಂತೆ ಬೊಬ್ಬೆ ಹಾಕುವುದಿಲ್ಲ. ದಿನವೂ ಜೊತೆಗಿದ್ದವರಿಗೆ ಮಾತ್ರ ಕಾಣುವಂಥ ಚಿಕ್ಕ ಗುರುತುಗಳು. ಹೋಗಿ ನೋಡಿದರೆ ಗಾಜಿನ ಎಳೆಯಂಥ ಲೋಳೆ, ಬಿಗಿಯಾದ ಗರ್ಭಕೋಶ, ಅಂಡಾಶಯದ ಮೇಲೆ ದೊಡ್ಡ ಕೋಶ. ಚೌಕಟ್ಟಿಗೂ ಒಯ್ಯಲಿಲ್ಲ, ಅಲ್ಲೇ ಗೂಟದ ಹತ್ತಿರ ಕಡ್ಡಿ ಹಾಕಿದೆ. ಅವಳು ಎಡಕ್ಕೆ ನಿಂತು ಅದರ ಕತ್ತಿನ ಕೆಳಗೆ ತುರಿಸುತ್ತಿದ್ದಳು, ಅದು ಕದಲಲಿಲ್ಲ. "ಬಲಕ್ಕ ನಿಲ್ಲಬ್ಯಾಡ್ರಿ, ಕೋಡು ಅಡ್ಡ ಬಂದು ಅದಕ್ಕ ಕಾಣಂಗಿಲ್ಲ, ಬೆದರ್ತೈತಿ" ಎಂದಳು. ಅಂತೂ ನನ್ನ ಇಂಜೆಕ್ಷನ್ ತಡವಾಗಿಯಾದರೂ ಕೆಲಸ ಮಾಡಿತು ಎಂದು ನಾನು ಬೀಗುತ್ತ ಬೈಕು ಹತ್ತಿದೆ.

ಗಬ್ಬದ ಪರೀಕ್ಷೆ ಇಟ್ಟದ್ದು ವೈಶಾಖದಲ್ಲಿ. ಎಂಟನ್ನೂ ಸಮುದಾಯ ಭವನದ ಮುಂದೆ ತರಿಸಿದೆ. ಏಳು ಖಾಲಿ. ಕೊನೆಗೆ ಸೊಟ್ಟಕೋಡು. ಕೈ ಒಳಗಿದ್ದಾಗಲೇ ಗೊತ್ತಾಯಿತು: ಗರ್ಭಕೋಶದ ಒಂದು ಕವಲು ದಪ್ಪ, ಒತ್ತಿದರೆ ಒಳಗೆ ನೀರು ತುಳುಕುವಂಥ ಮೆತ್ತನೆ. ನಾನು ಕೈ ತೆಗೆಯುವ ಮೊದಲೇ ಕೂಗಿಬಿಟ್ಟೆ, "ಗಬ್ಬ ಐತ್ರೀ!" ಏಳು ತಿಂಗಳಲ್ಲಿ ಮೊದಲ ಗೆಲುವು. ನನಗೆ ಬೇರೆ ಏನೂ ಹೊಳೆಯಲಿಲ್ಲ.

ಆದರೆ ಹೆಂಗಸರಿಗೆ ಹೊಳೆಯಿತು. ಗಬ್ಬ ನಿಂತದ್ದಕ್ಕೆ ಅವತ್ತೇ ಚೀಟಿ. ನಾನೇ ಮಾಡಿದ ನಿಯಮ. ಎಂಟು ಹೆಸರು ಬರೆದು, ಮಡಚಿ, ಅಧ್ಯಕ್ಷೆಯ ಎಲೆಅಡಿಕೆ ಡಬ್ಬಿಗೆ ಹಾಕಿದರು. ಬಂದದ್ದು ಹೋದ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಒಬ್ಬ ಸೊಸೆಯ ಹೆಸರು. ಅವಳು ಕಡೀ ಮನೆಯಾಕೆಯ ಮುಖ ನೋಡಲಾಗದೆ ಸೆರಗು ಹಿಂಡುತ್ತ ನಿಂತಳು. ಕಡೀ ಮನೆಯಾಕೆ ತಾನೇ ಹೋಗಿ ಹಗ್ಗವನ್ನು ಅವಳ ಕೈಗಿಟ್ಟು, ನೀರು ಯಾವ ಕಡೆ ಇಡಬೇಕು, ಹೊಟ್ಟಿಗೆ ಎಷ್ಟು ಉಪ್ಪು ಹಾಕಬೇಕು ಎಂದು ಹೇಳಿಕೊಟ್ಟಳು. ಸೊಸೆಯ ಮನೆಯಲ್ಲಿದ್ದ ಮಣಕವನ್ನು ತಂದು ಕೊನೆಯ ಮನೆಗೆ ಕಟ್ಟಿದರು. ಸೊಟ್ಟಕೋಡು ಬೀದಿಯ ತಿರುವಿನವರೆಗೂ ಹಿಂದಕ್ಕೆ ತಿರುಗಿ ತಿರುಗಿ ನಿಲ್ಲುತ್ತಿತ್ತು. ನನಗೆ ಕಸಿವಿಸಿಯಾಯಿತು, ಆದರೂ ತಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ದಾಖಲೆ ಪುಸ್ತಕ ಬರೆಯಲು ಕೂತೆ. ಒಂದೊಂದು ಮಣಕದ ಮುಂದೆ ಅದು ಯಾವ ಮನೆಯಲ್ಲಿದೆ ಎಂದು ಹದಿನೈದು ದಿನಕ್ಕೊಮ್ಮೆ ಬರೆದುಕೊಂಡು ಬಂದಿದ್ದೆ. ಏಳರ ಮುಂದೆ ಮನೆಗಳ ಹೆಸರು ಸಾಲುಸಾಲಾಗಿ ಬದಲಾಗುತ್ತ ಹೋಗಿದ್ದವು. ಸೊಟ್ಟಕೋಡಿನ ಮುಂದೆ ಪುಷ್ಯದ ಹುಣ್ಣಿಮೆಯಿಂದ ಈಚೆಗೆ ಒಂದೇ ಮನೆ. ಗೆಳತಿ ಕೇಳಿದ ಪ್ರಶ್ನೆ ಆಗ ಕಿವಿಗೆ ಬಂತು. ಪೆನ್ನು ಕೆಳಗಿಟ್ಟೆ.

ಓದಿದ್ದು ಮರೆತಿರಲಿಲ್ಲ. ಮೆದುಳಿನ ತಳದಿಂದ ಒಂದು ಹಾರ್ಮೋನು ಮಿಡಿಮಿಡಿದು ಹೊರಡುತ್ತದೆ. ಅದು ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಂಡಾಶಯಕ್ಕೆ ಹೇಳುತ್ತದೆ, ಕೋಶ ಬೆಳೆಯುತ್ತದೆ. ಬೆಳೆದ ಮೇಲೆ ಪಿಟ್ಯುಟರಿಯಿಂದ ಒಮ್ಮೆಲೇ ಎಲ್ಎಚ್ ಎಂಬ ಹಾರ್ಮೋನು ಉಕ್ಕಿದರೆ ಮಾತ್ರ ಅಂಡ ಹೊರಬೀಳುತ್ತದೆ. ಪ್ರಾಣಿ ಹೆದರಿದರೆ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಬಸಿರಿನ ಗೊಡವೆ ಬೇಡವೆಂದು ಅದು ಮೇಲಿನ ಮಿಡಿತವನ್ನು ಕುಗ್ಗಿಸುತ್ತದೆ, ಪಿಟ್ಯುಟರಿಯನ್ನು ಮಂದ ಮಾಡುತ್ತದೆ. ಹೆದರಿಕೆ ಒಂದು ದಿನದ್ದಾದರೆ ಎಲ್ಲ ಮತ್ತೆ ಸರಿಹೋಗುತ್ತದೆ. ನಮ್ಮದು ಒಂದು ದಿನದ್ದಾಗಿರಲಿಲ್ಲ.

ಪ್ರತಿ ಮನೆಯಲ್ಲೂ ಮೊದಲೇ ಒಂದೆರಡು ದನ ಎಮ್ಮೆಗಳಿದ್ದವು. ಹೊಸದು ಬಂದರೆ ಅವು ಗೋದಲಿಯಿಂದ ತಿವಿದು ಓಡಿಸುತ್ತವೆ. ತನ್ನ ಜಾಗ ಯಾವುದು, ಯಾರಿಗೆ ತಗ್ಗಬೇಕು, ಯಾವ ಕೈ ಹೊಡೆಯುತ್ತದೆ, ಯಾವುದು ಮೇವು ಹಾಕುತ್ತದೆ ಎಂದು ತಿಳಿಯಲು ಹತ್ತು ಹನ್ನೆರಡು ದಿನ. ತಿಳಿದು ಉಸಿರು ಬಿಡುವಷ್ಟರಲ್ಲಿ ಹುಣ್ಣಿಮೆಯೋ ಅಮಾವಾಸ್ಯೆಯೋ ಬಂತು, ಹಗ್ಗ ಬಿಚ್ಚಿದರು. ಬೆದೆಯ ಚಕ್ರ ಇಪ್ಪತ್ತೊಂದು ದಿನದ್ದು, ನನ್ನ ಪಾಳಿ ಹದಿನೈದರದ್ದು. ಒಂದು ಚಕ್ರವನ್ನೂ ಅವು ಒಂದು ಮನೆಯಲ್ಲಿ ಪೂರೈಸದಂತೆ ನಾನು ನೋಡಿಕೊಂಡಿದ್ದೆ. ಯಾವ ಹೆಂಗಸಿಗೂ ಯಾವ ಮಣಕದ ನಡತೆಯೂ ಪರಿಚಯವಾಗದೆ, ಬಂದ ಒಂದೆರಡು ಬೆದೆಗಳೂ ಯಾರ ಕಣ್ಣಿಗೂ ಬೀಳದೆ ಹೋಗಿರಬಹುದು. ಇದರಲ್ಲಿ ಹೆದರಿಕೆಯ ಪಾಲೆಷ್ಟು, ಅಪರಿಚಯದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಎರಡರ ಮೂಲವೂ ನಾನೇ.

ಹಿರಿಯ ಅಧಿಕಾರಿಗೆ ಫೋನು ಮಾಡಿ ಹೇಳಿದೆ. ಅವರು ಸಮಾಧಾನವಾಗಿಯೇ, "ಖನಿಜಾಂಶದ ಕೊರತೆ ಅಂತ ಬರದು ಕಳಸ್ರಿ. ಯಾರ ತಲಿ ಮ್ಯಾಲೂ ಗೂಬಿ ಕೂರಂಗಿಲ್ಲ" ಎಂದರು. ಗೂಬೆ ಆಗಲೇ ಒಬ್ಬಳ ತಲೆಯ ಮೇಲೆ ಕೂತಾಗಿತ್ತು. ಖನಿಜದ ಕೊರತೆ ಎಂದು ಬರೆದರೆ ಅದು ಅಲ್ಲಿಂದ ಏಳುವುದಿಲ್ಲ. ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ, ಅದೇ ದಿನ ಊರಿಗೆ ಹೋಗಿ ಎಂಟು ಜನರನ್ನೂ ಕೂರಿಸಿದೆ.

"ತಪ್ಪು ಯಾರ ಕಣ್ಣಿಂದೂ ಅಲ್ಲ, ಕೈಯಿಂದೂ ಅಲ್ಲ. ತಪ್ಪು ನಂದು. ಪಾಳಿ ಮಾಡ್ರಿ ಅಂದಾಕಿ ನಾನು. ಮನಿ ಮನಿ ತಿರುಗಿಸಿ ಅವನ್ನ ಹೆದರಿಸಿದ್ದಕ್ಕಾ ಅವು ಬೆದಿಗೆ ಬರ್ಲಿಲ್ಲ. ಒಂದಾ ಕಡೆ ನಿಂತಿದ್ದು ಈಕಿ ಮನ್ಯಾಗಿಂದು, ಅದಕ್ಕಾ ಗಬ್ಬ ನಿಂತೈತಿ. ಇವತ್ತಿನಿಂದ ಪಾಳಿ ಬಂದ್. ಎಲ್ಲೆಲ್ಲಿ ಅದಾವೋ ಅಲ್ಲೇ ಇರ್ಲಿ."

ಅಧ್ಯಕ್ಷೆ ಎಲೆಅಡಿಕೆ ಉಗುಳಿ ಬಂದು ಕೂತರು. "ತಪ್ಪು ನಿಮ್ದು ಅಂತೀರಿ. ನಮ್ಮ ಹೋದ ಏಳು ತಿಂಗಳನ್ನ ಯಾರು ತಂದು ಕೊಡ್ತಾರ್ರಿ?" ಸೊಟ್ಟಕೋಡನ್ನು ಕಡೀ ಮನೆಯಾಕೆಗೇ ಬಿಟ್ಟುಕೊಡಿ ಎಂದು ಕೇಳಿದೆ. "ಅದು ಚೀಟ್ಯಾಗ ಬಂದಿದ್ದು. ಚೀಟಿ ದೇವರದು. ಪಾಳಿ ನಿಮ್ದಿತ್ತು, ಬಿಟ್ವಿ. ಚೀಟಿ ಬಿಡಂಗಿಲ್ಲ" ಎಂದರು.

ಇಲ್ಲಿ ನಾನು ಹಟ ಹಿಡಿಯಬೇಕಿತ್ತು. ವೈದ್ಯಳ ಆದೇಶ ಎಂದು ಬರೆದುಕೊಟ್ಟಿದ್ದರೆ ಅವರು ಮೀರುತ್ತಿರಲಿಲ್ಲ. ಮತ್ತೆ ಹೊಡೆದುಕೊಂಡು ಬಂದರೆ ಅದೂ ಇನ್ನೊಂದು ಸಾಗಾಟವೇ ಅಲ್ಲವೇ ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಒಂದೇ ದಿನ ಎರಡು ಸಲ ಅವರೆದುರು ಸೋಲುವ ಧೈರ್ಯ ನನಗಿರಲಿಲ್ಲ.

ಹನ್ನೊಂದನೆಯ ದಿನ ಆ ಸೊಸೆಯ ಮನೆಯಿಂದ ಫೋನು ಬಂತು. ಸೊಟ್ಟಕೋಡು ಕಂದು ಹಾಕಿತ್ತು. ಹೋಗಿ ನೋಡಿದರೆ ಗೋದಲಿಯ ಹತ್ತಿರ ಗೇಣಿಗಿಂತ ಚಿಕ್ಕದಾದ, ಕೂದಲಿಲ್ಲದ ಕರು ಪೊರೆಯೊಳಗೇ ಬಿದ್ದಿತ್ತು. ಮಣಕದ ಬಲಪಕ್ಕೆಯ ಮೇಲೆ, ಅದಕ್ಕೆ ಕಾಣದ ಕಡೆ, ಕೋಡು ಕೆರೆದ ಉದ್ದನೆಯ ಗಾಯಗಳು. ಮನೆಯ ಹಳೆಯ ಎಮ್ಮೆ ಅದನ್ನು ಗೋದಲಿಗೆ ಬಿಡುತ್ತಿರಲಿಲ್ಲವಂತೆ. ಕಂದು ಹಾಕುವ ರೋಗವಿರಬಹುದೇ ಎಂದು ರಕ್ತ ಕಳಿಸಿದೆ; ಇಲ್ಲವೆಂದು ಬಂತು. ತಿವಿತದಿಂದಲೋ, ಹೆದರಿಕೆಯಿಂದಲೋ, ಬಿರುಬಿಸಿಲಿನಿಂದಲೋ ಆಣೆ ಮಾಡಿ ಹೇಳಲಾರೆ. ಊರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಬಿಟ್ಟುಕೊಟ್ಟವಳ ಕಣ್ಣು ಹಿಂದೆಯೇ ಬಂದು ಹೊಟ್ಟೆಗೆ ತಾಗಿತು ಎಂದರು. ನಾನು ತಪ್ಪೊಪ್ಪಿಕೊಂಡದ್ದು ಹನ್ನೊಂದು ದಿನ ಬಾಳಿತು.

ಸೊಸೆಯ ಅತ್ತೆ ಅಂದೇ ಸಂಜೆ ಕೊನೆಯ ಮನೆಗೆ ಹೋಗಿ ತಮ್ಮ ಮಣಕವನ್ನು ಬಿಚ್ಚಿಕೊಂಡು, ಸೊಟ್ಟಕೋಡನ್ನು ಅಲ್ಲಿ ಕಟ್ಟಿ ಬಂದಳು. ಚೀಟಿ ದೇವರದು ಎಂಬ ಮಾತು ಆಗ ಯಾರ ಬಾಯಲ್ಲೂ ಬರಲಿಲ್ಲ.

ಅದರ ಗರ್ಭಕೋಶದಲ್ಲಿ ಕೀವು ತುಂಬಿತು. ತೊಳೆದೆ, ಔಷಧಿ ಬಿ‌ಟ್ಟೆ, ಮತ್ತೆ ತೊಳೆದೆ. ಕೀವು ನಿಂತು ಬೆದೆ ಬಂತು. ಕಡ್ಡಿ ಹಾಕಿದರೆ ನಿಲ್ಲಲಿಲ್ಲ. ಮೂರು ಸಲ ಹೀಗಾಯಿತು. ಅತ್ತ ಉಳಿದ ಏಳು ಒಂದೊಂದೇ ಗೂಟಕ್ಕೆ ಒಗ್ಗಿ, ಮಳೆಗಾಲದ ಕೊನೆಯಲ್ಲಿ ಬೆದೆಗೆ ಬರತೊಡಗಿದವು. ಇಂಜೆಕ್ಷನ್ ಇಲ್ಲ, ಚೌಕಟ್ಟಿಲ್ಲ. ಹದಿನಾಲ್ಕು ತಿಂಗಳು ತುಂಬಿದಾಗ ಆರು ಗಬ್ಬ ನಿಂತಿದ್ದವು. ಏಳನೆಯದಕ್ಕೆ ಕಡ್ಡಿ ಹಾಕಿ ಮೂರು ವಾರವಾಗಿತ್ತು, ಅದಕ್ಕೆ ಒಂದು ತಿಂಗಳ ಸಮಯ ಸಿಕ್ಕಿತು. ಸೊಟ್ಟಕೋಡಿಗೂ ಸಮಯ ಕೊಡಿ ಎಂದು ಎರಡು ಸಲ ಬರೆದೆ. ಮೊದಲ ಪತ್ರಕ್ಕೆ ಆಗುವುದಿಲ್ಲ ಎಂದು ಬಂತು, ಎರಡನೆಯದಕ್ಕೆ ಏನೂ ಬರಲಿಲ್ಲ.

ಲಾರಿ ಬರುವ ದಿನ ಕಿವಿಯ ಬಿಲ್ಲೆಯ ಸಂಖ್ಯೆ ತಾಳೆ ನೋಡಿ ಸಹಿ ಮಾಡಬೇಕಾದವಳು ನಾನೇ. ಕೊನೆಯ ಮನೆಗೆ ಹೋದೆ. ಅವಳು ಸೊಟ್ಟಕೋಡಿನ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದಳು. ನನಗೆ ಕೂರಲು ಮಣೆ ಹಾಕಿದಳು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಅವತ್ತು ಸಭ್ಯಾಗ ಹೇಳಿದ್ರಲ್ರಿ, ಮನಿ ಮನಿ ತಿರುಗಿಸಿದ್ರ ನಿಲ್ಲಂಗಿಲ್ಲ ಅಂತ. ಅದು ಮನಶಾರಿಗೂ ಐತೇನ್ರಿ?"

ಸೊಟ್ಟಕೋಡಿನ ಕತ್ತು ಸವರುತ್ತ ಅವಳೇ ಮುಂದುವರಿಸಿದಳು.

"ನನ್ನ ತವರು ಹಿರೇಹಡಗಲಿ. ಮದಿವ್ಯಾಗಿ ಬಂದ್ ಮ್ಯಾಲೆ ಆರು ವರ್ಸ, ಎರಡ್ ತಿಂಗಳು ಇಲ್ಲಿ ಇಟ್ಕೊಳೋರು, ಹೊಟ್ಟಿ ಬರ್ಲಿಲ್ಲಂತ ತವರಿಗೆ ಅಟ್ಟೋರು. ಅಲ್ಲಿ ಅಣ್ಣನ ಹೇಣ್ತಿ ಕೂಳಿಗೆ ಅನ್ನಾಕಿ. ತಿಂಗಳಿಗೆ ಮತ್ತ ಇಲ್ಲಿಗೆ ತಂದು ಬಿಡೋರು. ಬಾಗಲಾಗ ನಿಂತು ಅತ್ತಿ ಒಳಗ ಕರಿಯೋ ತನಕ ಕಾಯ್ತಿದ್ದೆ. ನನಗ ಆವಾಗ ಮುಟ್ಟೂ ಸರಿಯಾಗಿ ಬರ್ತಿರಲಿಲ್ರಿ."

"ನಾನು ದನದ ಡಾಕ್ಟ್ರು ಕಣವ್ವ. ಮನುಷ್ಯರದ್ದು ನನಗ ಗೊತ್ತಿಲ್ಲ" ಎಂದೆ. ಅದು ನಿಜವೂ ಆಗಿತ್ತು. ಅವಳ ದೇಹದಲ್ಲಿ ಏನಾಗಿತ್ತೋ, ಆ ಗಂಡನ ದೇಹದಲ್ಲಿ ಏನಿತ್ತೋ, ಯಾರೂ ಪರೀಕ್ಷಿಸಿರಲಿಲ್ಲ. ಹೌದು ಎಂದರೂ ಸುಳ್ಳಾಗಬಹುದು, ಇಲ್ಲ ಎಂದರೂ ಆಗಬಹುದು.

"ದನದ್ದಾ ಹೇಳ್ರಿ ಹಂಗಾರ. ಆರು ವರ್ಸ ಹಂಗ ಅಲ್ಲಿಂದಿಲ್ಲಿಗೆ ಹೊಡೆದ್ರ, ಎಮ್ಮಿ ಗಬ್ಬ ನಿಲ್ತಿತ್ತೇನ್ರಿ?"

ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಹೊರಗೆ ಲಾರಿಯವನು ಹಾರನ್ ಒತ್ತಿದ.

"ಇಲ್ಲ" ಎಂದೆ. "ನಿಲ್ತಿರಲಿಲ್ಲ."

"ಅಷ್ಟಾ ಸಾಕ್ರಿ" ಎಂದು ಅವಳು ಎದ್ದು, ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟಳು.